ಮೂರು ಶವಪೆಟ್ಟಿಗೆ, ಒಂದು ಕೀರ್ತನೆ



ಗಾಯನವೃಂದದಲ್ಲಿ ವರ್ಷಗಟ್ಟಲೆ ಹಾಡುತ್ತಿದ್ದವರು ಮನೆಯಲ್ಲಿ ಸಾವು ಸಂಭವಿಸಿದ ಮೇಲೆ ಥಟ್ಟನೆ ಹಾಡು ನಿಲ್ಲಿಸಿಬಿಡುವುದನ್ನು ನೀವೂ ಕಂಡಿರಬಹುದು. ಪೂಜೆಗೆ ತಪ್ಪದೆ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಆದರೆ ಬಾಯಿ ತೆರೆಯುವುದಿಲ್ಲ. ನಾಲ್ಕು ಭಾನುವಾರ ಕಳೆದರೆ ಸಾಕು, ಬನ್ನಿ ಹಾಡಿ, ಮನಸ್ಸು ಹಗುರಾಗುತ್ತದೆ ಎಂದು ನಾವೆಲ್ಲ ಒತ್ತಾಯಕ್ಕೆ ತೊಡಗುತ್ತೇವೆ. ಗಂಟಲಲ್ಲಿ ಸ್ವರ ಇದ್ದೂ ಅದು ಹೊರಬಾರದ ಸ್ಥಿತಿ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ಜಗತ್ತಿಗೆಲ್ಲ ಹೆಸರು ಗೊತ್ತಿರುವ ಒಬ್ಬ ಸಂಗೀತಗಾರ ಇಪ್ಪತ್ತಾರನೆಯ ವಯಸ್ಸಿನಲ್ಲಿ ಇದೇ ಸ್ಥಿತಿಗೆ ಬಂದಿದ್ದ. ಆತನ ಬಾಳನ್ನು ಈ ವಾರ ನಿಮ್ಮ ಮುಂದೆ ಇಡುತ್ತೇನೆ.

ಜುಸೆಪ್ಪೆ ವೆರ್ದಿ ಹುಟ್ಟಿದ್ದು 1813ರ ಅಕ್ಟೋಬರ್ ತಿಂಗಳಲ್ಲಿ, ಉತ್ತರ ಇಟಲಿಯ ಪೋ ನದಿಯ ಬಯಲುಸೀಮೆಯಲ್ಲಿ, ರೊಂಕೊಲೆ ಎಂಬ ಹಳ್ಳಿಯಲ್ಲಿ. ಆಗ ಇಟಲಿ ಎಂಬ ಒಂದು ದೇಶವೇ ಇರಲಿಲ್ಲ. ಆ ಸೀಮೆ ನೆಪೋಲಿಯನ್ನನ ಆಳ್ವಿಕೆಗೆ ಸೇರಿತ್ತು. ಹಾಗಾಗಿ ಸರ್ಕಾರಿ ದಾಖಲೆಯಲ್ಲಿ ಮಗುವಿನ ಹೆಸರನ್ನು ಫ್ರೆಂಚ್ ಭಾಷೆಯಲ್ಲಿ ಬರೆದಿದ್ದಾರೆ. ಅಕ್ಟೋಬರ್ 11ರಂದು ಊರಿನ ಸಂತ ಮಿಕೇಲರ ದೇವಾಲಯದಲ್ಲಿ ಜ್ಞಾನಸ್ನಾನವಾಯಿತು. ತಂದೆ ಕಾರ್ಲೊ ದಾರಿಹೋಕರಿಗೆ ಊಟ, ವೈನು, ದಿನಸಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ತಾಯಿ ಲುಯಿಜಾ ನೂಲು ತೆಗೆಯುವ ಹೆಂಗಸು. ಬಡತನ ಅನ್ನುವಂತಿಲ್ಲ, ಸಿರಿವಂತಿಕೆ ಮೊದಲೇ ಇಲ್ಲ.

ಹುಡುಗನಿಗೆ ಕಿವಿ ಇತ್ತು. ಎಂಟರ ಆಸುಪಾಸಿನಲ್ಲಿ ತಂದೆ ಅವನಿಗೊಂದು ಹಳೆಯ ಸ್ಪಿನೆಟ್ ತಂದುಕೊಟ್ಟರು. ಪಿಯಾನೋಕ್ಕೆ ದಾಯಾದಿ ಎನ್ನಬಹುದಾದ ಪುಟ್ಟ ವಾದ್ಯ ಅದು. ಒಂದು ದಿನ ಬೆರಳಿಗೆ ತಾನಾಗಿ ಸಿಕ್ಕಿದ ಇಂಪಾದ ಸ್ವರಮೇಳ ಮರುದಿನ ಎಷ್ಟು ಹುಡುಕಿದರೂ ಸಿಗದಿದ್ದಾಗ ಹುಡುಗ ಸುತ್ತಿಗೆ ತಗೊಂಡು ಅದನ್ನೇ ಜಜ್ಜಿದನೆಂದು ಒಂದು ಕಥೆಯಿದೆ. ಕಥೆ ಹೇಗೋ ಏನೋ, ರಿಪೇರಿಯಂತೂ ನಿಜ. 1821ರಲ್ಲಿ ಕವಲ್ಲೆತ್ತಿ ಎಂಬ ಕುಶಲಕರ್ಮಿ ಅದನ್ನು ಸರಿಮಾಡಿ, ಹುಡುಗನ ಕಲಿಯುವ ಆಸೆಯನ್ನು ಕಂಡು ಕೂಲಿಯನ್ನೇ ಬೇಡವೆಂದು, ಹಾಗೆಂದು ವಾದ್ಯದ ಒಳಗೇ ಒಂದು ಚೀಟಿ ಬರೆದಿಟ್ಟುಹೋದ. ಕೂಲಿ ಬಿಟ್ಟ ಆ ಬಡಗಿಯ ಕೈಬರಹ ಇಂದಿಗೂ ಉಳಿದಿದೆ.

ಪೀಠಬಾಲಕನಾಗಿದ್ದಾಗಿನ ಇನ್ನೊಂದು ಸಂಗತಿ ಹೇಳಲು ಗುರುವಾದ ನನಗೆ ಕೊಂಚ ಮುಜುಗರವೇ. ಪೂಜೆಯ ನಡುವೆ ಆರ್ಗನ್ ಕೇಳುತ್ತ ಮೈಮರೆತ ಹುಡುಗ ನೀರು ಕೊಡುವುದನ್ನು ಮರೆತನಂತೆ. ಗುರುಗಳು ಕಾಲಿನಿಂದ ತಿವಿದರು. ಹುಡುಗ ಪೀಠದ ಮೆಟ್ಟಿಲುಗಳಿಂದ ಉರುಳಿಬಿದ್ದ. ನಿನಗೆ ಸಿಡಿಲು ಬಡಿಯಲಿ ಎಂದು ಶಪಿಸಿದ. 1828ರಲ್ಲಿ ಹತ್ತಿರದ ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರಕ್ಕೆ ಸಿಡಿಲು ಬಡಿದು ಹಲವರು ಸತ್ತಾಗ ಅವರಲ್ಲಿ ಆ ಗುರುಗಳೂ ಇದ್ದರು. ವೆರ್ದಿ ಮುಪ್ಪಿನಲ್ಲೂ ಈ ಕಥೆಯನ್ನು ನೆನೆಸಿಕೊಳ್ಳುತ್ತಿದ್ದ. ಶಾಪ ಫಲಿಸಿತೆಂದು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಆದರೆ ಪುರೋಹಿತವರ್ಗದ ಬಗ್ಗೆ ಅವನ ಮನಸ್ಸಿನಲ್ಲಿ ಉಳಿದ ಕಹಿ ಎಲ್ಲಿಂದ ಶುರುವಾಯಿತೆಂದು ಕೇಳಿದರೆ ಆ ಮೆಟ್ಟಿಲುಗಳನ್ನು ತೋರಿಸಬೇಕಾಗುತ್ತದೆ.

ಹತ್ತು ವರ್ಷ ತುಂಬುವ ಹೊತ್ತಿಗೆ ಅವನು ಐದು ಕಿಲೋಮೀಟರ್ ದೂರದ ಬುಸ್ಸೆತೊ ಪಟ್ಟಣದಲ್ಲಿ ಒಬ್ಬ ಚಮ್ಮಾರರ ಮನೆಯಲ್ಲಿ ಉಳಿದು ಓದುತ್ತಿದ್ದ. ಭಾನುವಾರ, ಹಬ್ಬದ ದಿನಗಳಲ್ಲಿ ನಡೆದುಕೊಂಡೇ ರೊಂಕೊಲೆಗೆ ಬಂದು ದೇವಾಲಯದ ಆರ್ಗನ್ ನುಡಿಸಿ ಹಿಂದಿರುಗುತ್ತಿದ್ದ. ಪಟ್ಟಣದಲ್ಲಿ ಪ್ರೊವೆಸಿ ಎಂಬ ಸಂಗೀತ ಗುರು ಸಿಕ್ಕರು. ಅವರಿಗಿಂತ ದೊಡ್ಡ ಭಾಗ್ಯ ಅಂತೋನಿಯೊ ಬಾರೆತ್ಸಿ.

ಈ ಬಾರೆತ್ಸಿ ದಿನಸಿ, ಮದ್ಯದ ಸಗಟು ವ್ಯಾಪಾರಿ. ಕಾರ್ಲೊ ವೆರ್ದಿಯ ಅಂಗಡಿಗೂ ಅವರಿಂದಲೇ ಸಾಮಾನು ಹೋಗುತ್ತಿತ್ತು. ಆದರೆ ಸಂಜೆಯಾದರೆ ಅವರ ಮನೆಯ ದೊಡ್ಡ ಕೋಣೆ ಊರಿನ ವಾದ್ಯಗಾರರಿಂದ ತುಂಬಿಹೋಗುತ್ತಿತ್ತು. ತಾವೂ ಕೊಳಲು ಹಿಡಿದು ಕೂರುತ್ತಿದ್ದರು. ಹೋಟೆಲಿನವರ ಮಗನಲ್ಲಿ ಏನಿದೆ ಎಂದು ಅವರಿಗೆ ಗೊತ್ತಾಗಲು ತಡವಾಗಲಿಲ್ಲ. 1831ರಲ್ಲಿ ಹುಡುಗನನ್ನು ಮನೆಗೇ ಕರೆದುಕೊಂಡರು. ಮಗಳು ಮಾರ್ಗೆರಿತಾಳಿಗೆ ಪಿಯಾನೋ, ಹಾಡುಗಾರಿಕೆ ಕಲಿಸುವ ಕೆಲಸ ಅವನಿಗೆ ಬಂತು. ಅವಳು ಅವನಿಗಿಂತ ಏಳು ತಿಂಗಳಿಗೆ ಚಿಕ್ಕವಳು. ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಮನೆಯಲ್ಲಿ ಅನ್ನ ತಿಂದು ಮಗಳ ಮನಸ್ಸು ಕದ್ದನೆಂದು ಕೂಗಾಡುವ ತಂದೆಯರೇ ಹೆಚ್ಚು. ಬಾರೆತ್ಸಿ ಹಾಗೆ ಮಾಡಲಿಲ್ಲ.

1832ರಲ್ಲಿ ತರುಣನನ್ನು ಮಿಲಾನ್ ನಗರಕ್ಕೆ ಕಳಿಸಿದರು. ಅಲ್ಲಿನ ಸಂಗೀತ ಮಹಾಶಾಲೆ ಅವನನ್ನು ತೆಗೆದುಕೊಳ್ಳಲಿಲ್ಲ. ಹದಿನೆಂಟು ವಯಸ್ಸು ಪ್ರವೇಶದ ಮಿತಿಗೆ ಮೀರಿದ್ದು, ಪರರಾಜ್ಯದವನು, ಪಿಯಾನೋದ ಮೇಲೆ ಕೈಯಿಡುವ ರೀತಿ ತಪ್ಪು. ಬಾರೆತ್ಸಿ ಬೇಸರಪಡದೆ ಲವಿನ್ಯಾ ಎಂಬ ಗುರುಗಳ ಬಳಿ ಖಾಸಗಿ ಪಾಠಕ್ಕೆ ಹಣ ಕೊಟ್ಟರು. ಊರಿನ ಧರ್ಮನಿಧಿಯಿಂದಲೂ ವಿದ್ಯಾರ್ಥಿವೇತನ ಸಿಕ್ಕಿತು.

1833ರಲ್ಲಿ ಪ್ರೊವೆಸಿ ತೀರಿಕೊಂಡಾಗ ಅವರ ಜಾಗಕ್ಕಾಗಿ ಬುಸ್ಸೆತೊದಲ್ಲಿ ಎರಡು ಪಕ್ಷಗಳಾದವು. ದೇವಾಲಯದ ಕಡೆಯವರು ಬೇರೊಬ್ಬನನ್ನು ಆರ್ಗನ್ ವಾದಕನನ್ನಾಗಿ ನೇಮಿಸಿದರು. ಸಂಗೀತ ಸಂಘದವರು ವೆರ್ದಿಯೇ ಬೇಕೆಂದು ಹಟ ಹಿಡಿದರು. ಹೊಡೆದಾಟದವರೆಗೂ ಹೋಯಿತು. ಗಾಯನವೃಂದದ ಜಗಳ ಎಂಥ ಮಟ್ಟಕ್ಕೆ ಇಳಿಯಬಲ್ಲದೆಂದು ಧರ್ಮಕೇಂದ್ರಗಳಲ್ಲಿ ಇದ್ದವರಿಗೆ ವಿವರಿಸಬೇಕಿಲ್ಲ. ಕೊನೆಗೆ 1836ರಲ್ಲಿ ಪುರಸಭೆಯ ಸಂಗೀತ ಶಿಕ್ಷಕನ ಹುದ್ದೆ ವೆರ್ದಿಗೆ ದೊರಕಿತು. ಅದೇ ವರ್ಷ ಮೇ 4ರಂದು, ಮಾರ್ಗೆರಿತಾಳಿಗೆ ಇಪ್ಪತ್ತೆರಡು ತುಂಬಿದ ದಿನವೇ, ಅವರ ವಿವಾಹ ಸಂಸ್ಕಾರ ನೆರವೇರಿತು.

1837ರ ಮಾರ್ಚ್‌ನಲ್ಲಿ ಮಗಳು ವರ್ಜೀನಿಯಾ ಹುಟ್ಟಿದಳು. 1838ರ ಜುಲೈ 11ರಂದು ಮಗ ಇಚೀಲಿಯೊ. ಮನೆಯಲ್ಲಿ ಎರಡು ತೊಟ್ಟಿಲು ಇದ್ದದ್ದು ಒಂದೇ ತಿಂಗಳು. ಆಗಸ್ಟ್ 12ರಂದು ವರ್ಜೀನಿಯಾ ತೀರಿಕೊಂಡಳು. ಅವಳಿಗಿನ್ನೂ ಹದಿನೇಳು ತಿಂಗಳು ತುಂಬಿರಲಿಲ್ಲ. ಬಾಣಂತಿ ತಾಯಿ ಒಂದು ಮಗುವಿಗೆ ಹಾಲೂಡಿಸುತ್ತ ಇನ್ನೊಂದನ್ನು ಮಣ್ಣಿಗೆ ಕಳಿಸಬೇಕಾಯಿತು. ಆ ಅಕ್ಟೋಬರ್‌ನಲ್ಲಿ ವೆರ್ದಿ ಹುದ್ದೆಗೆ ರಾಜೀನಾಮೆ ಕೊಟ್ಟ. 1839ರ ಫೆಬ್ರವರಿಯಲ್ಲಿ ಗಂಡ, ಹೆಂಡತಿ, ಕೈಗೂಸು ಮೂವರೂ ಮಿಲಾನಿಗೆ ಹೊರಟರು. ಕೈಯಲ್ಲಿದ್ದ ಆಸ್ತಿಯೆಂದರೆ ಅವನು ಬರೆದಿದ್ದ ಒಂದು ಒಪೇರಾ.

ಒಪೇರಾ ಎಂದರೇನೆಂದು ಕೇಳುವವರಿದ್ದರೆ: ನಮ್ಮ ಹಳೆಯ ಕಂಪನಿ ನಾಟಕಗಳಲ್ಲಿ ಮಾತಿನ ನಡುವೆ ರಂಗಗೀತೆಗಳು ಬರುತ್ತಿದ್ದವಲ್ಲ, ಅಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಾಡೇ. ದೊಡ್ಡ ವಾದ್ಯವೃಂದ, ದೊಡ್ಡ ರಂಗಮಂದಿರ, ದೊಡ್ಡ ಖರ್ಚು. ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಅದರ ವಹಿವಾಟನ್ನು ವಹಿಸಿಕೊಂಡಿದ್ದವನು ಮೆರೆಲ್ಲಿ ಎಂಬ ಗುತ್ತಿಗೆದಾರ. ಅವನು ವೆರ್ದಿಯ ನಾಟಕವನ್ನು ಒಪ್ಪಿಕೊಂಡ.

ಇನ್ನೇನು ಪ್ರದರ್ಶನಕ್ಕೆ ನಾಲ್ಕು ವಾರವಿದೆ ಎನ್ನುವಾಗ, 1839ರ ಅಕ್ಟೋಬರ್ 22ರಂದು, ಇಚೀಲಿಯೊ ತೀರಿಕೊಂಡ. ಅವನಿಗೆ ಹದಿನೈದು ತಿಂಗಳು. ನವೆಂಬರ್ 17ರಂದು ಲಾ ಸ್ಕಾಲಾದಲ್ಲಿ ಪರದೆ ಮೇಲೆದ್ದಿತು. 'ಒಬೆರ್ತೊ' ಎಂಬ ಆ ಮೊದಲ ನಾಟಕ ಜನರಿಗೆ ಹಿಡಿಸಿತು, ಹದಿನಾಲ್ಕು ಪ್ರದರ್ಶನ ಕಂಡಿತು. ಮೆರೆಲ್ಲಿ ಇನ್ನೂ ಮೂರು ನಾಟಕಗಳಿಗೆ ಕರಾರು ಮಾಡಿಕೊಂಡ. ಚಪ್ಪಾಳೆ ಕೇಳಿ ಮನೆಗೆ ಬಂದ ಗಂಡಹೆಂಡಿರು ಖಾಲಿ ತೊಟ್ಟಿಲಿನ ಮುಂದೆ ಏನು ಮಾತಾಡಿಕೊಂಡರೋ, ಯಾವ ಜೀವನಚರಿತ್ರೆಯೂ ಹೇಳುವುದಿಲ್ಲ.

ಆ ಕಾಲದ ಒಂದು ಪ್ರಸಂಗವನ್ನು ವೆರ್ದಿಯೇ ಮುಂದೆ ನೆನೆಸಿಕೊಂಡಿದ್ದಾನೆ. ಕಾಯಿಲೆ ಬಿದ್ದು ಎದ್ದಿದ್ದ. ಮನೆ ಬಾಡಿಗೆಯ ಗಡುವು ಬಂದಿತ್ತು, ಕೈಯಲ್ಲಿ ಕಾಸಿಲ್ಲ. ಮಾವನಿಗೆ ಕಾಗದ ಬರೆದು ಹಣ ತರಿಸಲು ಸಮಯವಿಲ್ಲ. ಬಾಡಿಗೆ ತಡವಾಗುವುದೆಂದರೆ ಅವನಿಗೆ ಮಾನ ಹೋದಂತೆ. ಅವನ ಮುಖ ನೋಡಲಾರದೆ ಮಾರ್ಗೆರಿತಾ ತನ್ನ ಮೈಮೇಲಿನ ಚೂರುಪಾರು ಚಿನ್ನವನ್ನೆಲ್ಲ ಕಟ್ಟಿಕೊಂಡು ಹೊರಗೆ ಹೋದಳು. ಬರುವಾಗ ಹಣ ತಂದಿದ್ದಳು. ಅದನ್ನು ಹೇಗೆ ಹೊಂದಿಸಿದಳೆಂದು ಅವನಿಗೆ ತಿಳಿಯಲೇ ಇಲ್ಲ. ಎಲ್ಲವನ್ನೂ ಅವಳಿಗೆ ಹಿಂದಿರುಗಿಸಬೇಕೆಂದು ಅವನು ಮನಸ್ಸಿನಲ್ಲೇ ಪಣ ತೊಟ್ಟ. ಆ ಸಾಲ ತೀರಿಸುವ ಅವಕಾಶ ಸಿಗಲಿಲ್ಲ.

1840ರ ಜೂನ್ ತಿಂಗಳಲ್ಲಿ ಮಾರ್ಗೆರಿತಾ ಹಾಸಿಗೆ ಹಿಡಿದಳು. ಮೆದುಳಿನ ಉರಿಯೂತವೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಬಾರೆತ್ಸಿ ಬುಸ್ಸೆತೊದಿಂದ ಓಡಿಬಂದರು. ಜೂನ್ 18, ಪರಮಪ್ರಸಾದದ ಮಹೋತ್ಸವದ ದಿನ. ಆ ದಿನ ಆ ನಾಡಿನ ಊರೂರಿನಲ್ಲೂ ಪರಮಪ್ರಸಾದದ ಮೆರವಣಿಗೆ. ಆ ದಿನವೇ, ಇಪ್ಪತ್ತಾರು ವಯಸ್ಸಿನ ಮಗಳು ತಂದೆಯ ತೋಳುಗಳಲ್ಲಿ ಪ್ರಾಣಬಿಟ್ಟಳು. ಬಾರೆತ್ಸಿ ಇದನ್ನು ತಮ್ಮ ಮನೆಯ ದಿನಚರಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆಮೇಲೆ ಅಳಿಯನನ್ನು ಊರಿಗೆ ಕರೆದುಕೊಂಡು ಹೋದರು.

ಇಲ್ಲಿ ಒಂದು ವಿಷಯವನ್ನು ಗಮನಿಸಿ. 1879ರಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ವೆರ್ದಿ ತನ್ನ ಪ್ರಕಾಶಕರಿಗೆ ಈ ಕಥೆ ಹೇಳುವಾಗ ಮೊದಲು ಮಗ, ನಂತರ ಮಗಳು, ಕೊನೆಗೆ ಹೆಂಡತಿ, ಮೂವರೂ 1840ರಲ್ಲಿ ಸುಮಾರು ಎರಡು ತಿಂಗಳೊಳಗೆ ಹೋದರೆಂದು ಹೇಳಿದ್ದಾನೆ. ಎರಡು ತಿಂಗಳಲ್ಲಿ ಮೂರು ಶವಪೆಟ್ಟಿಗೆ ಮನೆಯಿಂದ ಹೊರಟವು ಎಂಬುದು ಅವನ ನೆನಪು. ಸಾವಿನ ದಾಖಲೆಗಳು ಬೇರೆಯೇ ಹೇಳುತ್ತವೆ: ಮೊದಲು ಹೋದದ್ದು ಮಗಳು, ಮೊದಲ ಸಾವಿಗೂ ಕೊನೆಯದಕ್ಕೂ ಇಪ್ಪತ್ತೆರಡು ತಿಂಗಳು. ಮುದುಕ ಕಥೆ ಕಟ್ಟಿದ ಎಂದು ಕೆಲವು ಪಂಡಿತರು ಹಗುರವಾಗಿ ಮಾತನಾಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಗುವನ್ನು ಕಳೆದುಕೊಂಡ ತಾಯಂದಿರನ್ನು ಮಾತನಾಡಿಸಿ ನೋಡಿ. ಎಷ್ಟು ವರ್ಷವಾಯಿತೆಂದು ಕೇಳಿದರೆ ಲೆಕ್ಕ ತಪ್ಪುತ್ತಾರೆ, ಮೊನ್ನೆ ಎನ್ನುತ್ತಾರೆ. ದಫ್ತರ ಬರೆಯುವವರ ಕಾಲವೇ ಬೇರೆ, ದುಃಖದಲ್ಲಿರುವವರ ಕಾಲವೇ ಬೇರೆ. ನಲವತ್ತು ವರ್ಷ ಕಳೆದರೂ ಆ ಮೂರು ಪೆಟ್ಟಿಗೆಗಳು ಅವನ ಮನಸ್ಸಿನಲ್ಲಿ ಒಂದರ ಪಕ್ಕ ಒಂದು ಇದ್ದವು ಎಂದಷ್ಟೇ ನನಗೆ ಇದರಿಂದ ತಿಳಿಯುವುದು.

ಕರಾರು ಮಾತ್ರ ಸಾವಿಗಾಗಿ ಕಾಯುವುದಿಲ್ಲ. ಮೆರೆಲ್ಲಿಗೆ ಬೇಕಾಗಿದ್ದದ್ದು ನಗೆನಾಟಕ. ಹೆಂಡತಿಯನ್ನು ಮಣ್ಣು ಮಾಡಿದ ಎರಡೂವರೆ ತಿಂಗಳಿಗೆ, ಸೆಪ್ಟೆಂಬರ್ 5ರಂದು, ವೆರ್ದಿಯ ಹಾಸ್ಯ ಒಪೇರಾ ರಂಗಕ್ಕೆ ಬಂತು. ಜನ ಸೀಟಿ ಹಾಕಿದರು. ಒಂದೇ ಪ್ರದರ್ಶನಕ್ಕೆ ಅದು ನಿಂತುಹೋಯಿತು. ಹಾಡುಗಾರರು ಸರಿಯಿರಲಿಲ್ಲ ಎನ್ನುವುದೂ ನಿಜ, ನಾಟಕದಲ್ಲೇ ಹುರುಳಿರಲಿಲ್ಲ ಎನ್ನುವುದೂ ನಿಜ. ಆದರೆ ಅಂದು ಗೇಲಿ ಮಾಡಿದ ಪ್ರೇಕ್ಷಕರನ್ನು ವೆರ್ದಿ ಬಹುಕಾಲ ಕ್ಷಮಿಸಲಿಲ್ಲ. ಅವರು ಚಪ್ಪಾಳೆ ತಟ್ಟಬೇಕಿರಲಿಲ್ಲ, ಸುಮ್ಮನೆ ಕೂತಿದ್ದರೂ ಸಾಕಿತ್ತು ಎಂಬುದು ಅವನ ನೋವು.

ಇನ್ನು ಮುಂದೆ ಒಂದು ಸ್ವರವನ್ನೂ ಬರೆಯುವುದಿಲ್ಲ ಎಂದು ನಿರ್ಧರಿಸಿ ಮೆರೆಲ್ಲಿಯ ಬಳಿ ಹೋಗಿ ಕರಾರಿನಿಂದ ಬಿಡಿಸೆಂದು ಕೇಳಿದ. ವ್ಯಾಪಾರಿಯಾದರೂ ಮೆರೆಲ್ಲಿಗೆ ಮನುಷ್ಯರನ್ನು ಓದಲು ಬರುತ್ತಿತ್ತು. ಒತ್ತಾಯ ಮಾಡದೆ ಕಾಗದ ಹಿಂದಿರುಗಿಸಿದ. ಮನಸ್ಸಾದಾಗ ಎರಡು ತಿಂಗಳು ಮುಂಚೆ ತಿಳಿಸು, ನೀನು ಬರೆದದ್ದನ್ನು ಆಡಿಸುತ್ತೇನೆ ಎಂದು ಹೇಳಿ ಕಳಿಸಿದ. ಓದುಗರೇ, ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಜಾಗ ಇದು. ದುಃಖದಲ್ಲಿರುವವರನ್ನು ಸಂತೈಸಲು ಹೊರಟ ನಾವು ಎಷ್ಟೊಂದು ಮಾತನಾಡುತ್ತೇವೆ! ಈ ಗುತ್ತಿಗೆದಾರ ಬಾಗಿಲನ್ನು ಅರೆತೆರೆದಿಟ್ಟು ಸುಮ್ಮನಾದ. ಆ ತಿಂಗಳುಗಳಲ್ಲಿ ವೆರ್ದಿ ಪೂರ್ತಿ ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. 'ಒಬೆರ್ತೊ' ಮತ್ತೆ ಲಾ ಸ್ಕಾಲಾಕ್ಕೆ ಬಂದಾಗ ಅದಕ್ಕೆ ಕೆಲವು ತಿದ್ದುಪಡಿ ಮಾಡಿಕೊಟ್ಟ, 1841ರ ಆರಂಭದಲ್ಲಿ ಜೆನೋವಾದಲ್ಲಿ ಅದನ್ನು ಆಡಿಸಿದ. ಹೊಟ್ಟೆಪಾಡಿಗೆ ಮಾಡಬೇಕಾದದ್ದನ್ನು ಮಾಡಿದ. ಬತ್ತಿದ್ದು ಹೊಸದನ್ನು ಹುಟ್ಟಿಸುವ ಒರತೆ.

ಒಂದು ಚಳಿಗಾಲದ ಸಂಜೆ, ದಪ್ಪ ದಪ್ಪ ಹಿಮ ಬೀಳುತ್ತಿದ್ದಾಗ, ಬೀದಿಯಲ್ಲಿ ಮೆರೆಲ್ಲಿ ಎದುರಾದ. ತೋಳು ಹಿಡಿದು ಜೊತೆಗೆ ನಡೆಸಿಕೊಂಡು ಹೋಗುತ್ತ ತನ್ನ ಕಷ್ಟ ತೋಡಿಕೊಂಡ. ಸೊಲೆರಾ ಎಂಬ ಕವಿ ಬರೆದ ಹೊಸ ನಾಟಕವೊಂದನ್ನು ನಿಕೊಲಾಯ್ ಎಂಬ ಜರ್ಮನ್ ಸಂಗೀತಗಾರ ಬೇಡವೆಂದು ತಳ್ಳಿಬಿಟ್ಟಿದ್ದ. ಸುಮ್ಮನೆ ಒಮ್ಮೆ ಓದಿ ನೋಡು ಎಂದು ದಪ್ಪಕ್ಷರದ ಆ ಕಟ್ಟನ್ನು ವೆರ್ದಿಯ ಕೈಗೆ ತುರುಕಿದ. ಮನೆಗೆ ಬಂದ ವೆರ್ದಿ ಅದನ್ನು ಮೇಜಿನ ಮೇಲೆ ಬಿಸಾಡಿದ. ಬಿದ್ದ ರಭಸಕ್ಕೆ ಕಟ್ಟು ಬಿಚ್ಚಿಕೊಂಡು ಒಂದು ಪುಟ ತೆರೆಯಿತು. ಕಣ್ಣು ಆ ಪುಟದ ಮೇಲೆ ಬಿತ್ತು.

ಆ ಪುಟದಲ್ಲಿ ಏನಿತ್ತು? ನಿಮ್ಮ ಬೈಬಲ್ಲಿನ ಕೀರ್ತನೆ 137ನ್ನು ತೆರೆದುಕೊಳ್ಳಿ. ನೆಬೂಕದ್ನೆಚ್ಚರ ಅರಸ ಜೆರುಸಲೇಮನ್ನು ಹಾಳುಗೆಡವಿ ಜನರನ್ನು ಬಾಬಿಲೋನಿಯಕ್ಕೆ ಸೆರೆ ಒಯ್ದ ಕಾಲ. ಪರದೇಶದ ನದಿಯ ದಂಡೆಯಲ್ಲಿ ಅವರು ಕೂತಿದ್ದಾರೆ. ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದ್ದಾರೆ. ಸೆರೆಗಾರರು ಬಂದು ಒಂದು ಹಾಡು ಹೇಳಿ ಎನ್ನುತ್ತಾರೆ, ಅವರಿಗೆ ಹಾಡಲಾಗುವುದಿಲ್ಲ. ಸೊಲೆರಾ ಇದನ್ನೇ ತನ್ನ ನಾಟಕದಲ್ಲಿ ಸೆರೆಯಾಳುಗಳ ಸಮೂಹಗಾನವಾಗಿ ಮಾಡಿದ್ದ. ವೆರ್ದಿಗೆ ಬೈಬಲ್ ಓದುವ ಅಭ್ಯಾಸವಿತ್ತು, ಆ ಕೀರ್ತನೆ ಪರಿಚಿತವೇ. ಆದರೆ ಅಂದು ಅದು ಅವನನ್ನು ಹಿಡಿದುಕೊಂಡಿತು.

ಸೆಮಿನರಿಯಲ್ಲಿ ನಮಗೆ ಕೀರ್ತನೆಗಳನ್ನು ಕಲಿಸುವಾಗ ವರ್ಗೀಕರಣ ಮಾಡಿ ಕಲಿಸುತ್ತಾರೆ: ಸ್ತುತಿಗೀತೆ, ಕೃತಜ್ಞತಾಗೀತೆ, ಪ್ರಲಾಪಗೀತೆ ಹೀಗೆ. ಈ ಕೀರ್ತನೆಯಲ್ಲಿ ಒಂದು ವಿಚಿತ್ರವಿದೆ. ಹಾಡಲಾರೆವು ಎಂದು ಹೇಳುವ ಹಾಡು ಅದು. ಹಾಡಲಾರೆವೆಂಬುದನ್ನೇ ಅವರು ಹಾಡಿದರು, ಇಸ್ರಯೇಲರು ಅದನ್ನು ದೇವರ ಮುಂದಿಡುವ ಪ್ರಾರ್ಥನೆಗಳ ಜೊತೆಗೇ ಕಾಪಾಡಿಕೊಂಡರು. ಕೊನೆಯ ಸಾಲುಗಳಲ್ಲಿ ಶತ್ರುಗಳ ಎಳೆಮಕ್ಕಳ ಬಗ್ಗೆ ಬರುವ ಮಾತು ಎಷ್ಟು ಘೋರವೆಂದರೆ, ಧರ್ಮಸಭೆ ತನ್ನ ನಿತ್ಯಪ್ರಾರ್ಥನೆಯ ಪುಸ್ತಕದಿಂದ ಆ ಸಾಲುಗಳನ್ನು ಬಿಟ್ಟಿದೆ. ಸೊಲೆರಾನೂ ಅದನ್ನು ಮುಟ್ಟಲಿಲ್ಲ. ಎರಡು ಮಕ್ಕಳನ್ನು ಮಣ್ಣು ಮಾಡಿದವನ ಮೇಜಿನ ಮೇಲೆ ಆ ರಾತ್ರಿ ತೆರೆದುಕೊಂಡದ್ದು ಸಾಂತ್ವನದ ಸವಿಮಾತಲ್ಲ. ನಮ್ಮಿಂದ ಆಗದು ಎಂದು ಕಿನ್ನರಿ ಕೆಳಗಿಟ್ಟವರ ದನಿ. ತನ್ನಂಥವರು ಇನ್ನೂ ಇದ್ದಾರೆ, ಅವರಿಗೂ ಒಂದು ರಾಗವಿದೆ ಎಂದು ಅವನಿಗೆ ಹೊಳೆದಿರಬೇಕು.

ಪುಸ್ತಕ ಮುಚ್ಚಿ ಮಲಗಿದ, ನಿದ್ದೆ ಬರಲಿಲ್ಲ. ಎದ್ದು ಮತ್ತೆ ಓದಿದ. ಬೆಳಗಾಗುವ ಹೊತ್ತಿಗೆ ನಾಟಕ ಹೆಚ್ಚುಕಡಿಮೆ ಬಾಯಿಪಾಠವಾಗಿತ್ತು. ಆದರೂ ಮಾರನೆಯ ದಿನ ಹಿಂದಿರುಗಿಸಲು ಹೋದ. ಮೆರೆಲ್ಲಿ ಅದನ್ನು ಅವನ ಕೋಟಿನ ಜೇಬಿಗೆ ತುರುಕಿ, ಹೊರಗೆ ನೂಕಿ, ಕೋಣೆಯ ಬಾಗಿಲಿಗೆ ಅಗುಳಿ ಹಾಕಿಕೊಂಡ. ಇವತ್ತು ಒಂದು ಸಾಲು, ನಾಳೆ ಒಂದು ಸಾಲು, ಒಮ್ಮೆ ಒಂದು ಸ್ವರ, ಇನ್ನೊಮ್ಮೆ ಒಂದು ಪಲ್ಲವಿ ಹೀಗೆ ಮೆಲ್ಲಮೆಲ್ಲಗೆ ಅದು ಬೆಳೆಯಿತೆಂದು ವೆರ್ದಿ ಹೇಳಿಕೊಂಡಿದ್ದಾನೆ. ಇನ್ನೊಬ್ಬ ಲೇಖಕರಿಗೆ ಹೇಳಿದ ಕಥೆಯಲ್ಲಿ ಆ ಹಸ್ತಪ್ರತಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು, ಬರೆಯಲು ಕೈಹಚ್ಚಿದ್ದು ಕೊನೆಯ ಮರಣದೃಶ್ಯದಿಂದ. ಎರಡು ಕಥೆಗಳು ತಾಳೆಯಾಗುವುದಿಲ್ಲ. ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ: ಹೋದದ್ದು ಒಮ್ಮೆಗೇ ಹಿಂದಿರುಗಲಿಲ್ಲ, ಹನಿಹನಿಯಾಗಿ ಬಂತು.

1841ರ ಶರತ್ಕಾಲಕ್ಕೆ 'ನಬುಕ್ಕೊ' ಸಿದ್ಧವಾಯಿತು. ಬರೆಯುತ್ತ ವೆರ್ದಿಗೆ ಹಳೆಯ ಬಿಗಿ ಮರಳಿತ್ತು. ನಾಟಕದಲ್ಲಿದ್ದ ಒಂದು ಪ್ರೇಮಗೀತೆ ಬೇಡ, ಅಲ್ಲಿ ಪ್ರಧಾನಯಾಜಕ ಪ್ರವಾದನೆ ನುಡಿಯಲಿ ಎಂದು ಹಟ ಹಿಡಿದ. ಸೊಲೆರಾ ಸೋಮಾರಿ; ನಾಳೆ ನೋಡೋಣ ಎಂದ. ವೆರ್ದಿ ಕೋಣೆಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ, ಅವನ ಕೈಗೆ ಬೈಬಲ್ ಕೊಟ್ಟ. ಕಾಲು ಗಂಟೆಯಲ್ಲಿ ಪ್ರವಾದನೆ ಸಿದ್ಧ!

1842ರ ಮಾರ್ಚ್ 9ರಂದು ಮೊದಲ ಪ್ರದರ್ಶನ. ಹೊಸ ಪರದೆಗಳಿಗೆ ಹಣವಿಲ್ಲದೆ ಹಿಂದೆ ಅದೇ ಅರಸನ ಮೇಲೆ ಮಾಡಿದ್ದ ನೃತ್ಯನಾಟಕದ ಹಳೆಯ ಪರದೆಗಳನ್ನೇ ತೇಪೆ ಹಾಕಿ ಕಟ್ಟಿದ್ದರು. ತಾಲೀಮಿನ ಸಮಯದಲ್ಲಿ ರಂಗದ ಹಿಂದೆ ಸುತ್ತಿಗೆ ಬಡಿಯುತ್ತಿದ್ದ ಬಡಗಿಗಳು ಸೆರೆಯಾಳುಗಳ ಹಾಡು ಶುರುವಾದಾಗ ಒಬ್ಬೊಬ್ಬರಾಗಿ ಕೆಲಸ ನಿಲ್ಲಿಸಿ ಕೇಳುತ್ತ ನಿಂತರಂತೆ. ಮುಗಿದ ಮೇಲೆ ಉಪಕರಣಗಳಿಂದಲೇ ಹಲಗೆ ಬಡಿದು ಮೆಚ್ಚುಗೆ ಸೂಚಿಸಿದರಂತೆ. ಆ ಸಮೂಹಗಾನದ ಹೆಚ್ಚು ಭಾಗ ಎಲ್ಲರೂ ಒಂದೇ ರಾಗವನ್ನು ಕೂಡಿ ಹಾಡುವಂಥದ್ದು. ನಾಲ್ಕು ದನಿಗಳ ಕಸರತ್ತಿಲ್ಲ. ಹಳ್ಳಿಯ ಗಾಯನವೃಂದವೂ ಪ್ರಯತ್ನಿಸಬಹುದಾದ ಹಾಡು. ಸಣ್ಣ ಊರಿನ ದೇವಾಲಯದಲ್ಲಿ ಆರ್ಗನ್ ನುಡಿಸಿ ಬೆಳೆದವನಿಗೆ ಜನ ಹೇಗೆ ಹಾಡುತ್ತಾರೆಂದು ಗೊತ್ತಿತ್ತು.

ಆ ರಾತ್ರಿ ಜನ ಆ ಹಾಡನ್ನೇ ಮತ್ತೆ ಹಾಡಿಸಿದರೆಂದು ಪುಸ್ತಕಗಳಲ್ಲಿ ಬಹುಕಾಲ ಬರೆಯುತ್ತ ಬಂದಿದ್ದರು. ಸಂಶೋಧಕರು ಅಂದಿನ ಪತ್ರಿಕೆಗಳನ್ನು ತಿರುವಿದಾಗ ಜನ ಮತ್ತೊಮ್ಮೆ ಕೇಳಿ ಹಾಡಿಸಿದ್ದು ಕೊನೆಯಲ್ಲಿ ಎಲ್ಲರೂ ಮೊಣಕಾಲೂರಿ ದೇವರಿಗೆ ಸಲ್ಲಿಸುವ ಸ್ತೋತ್ರಗಾನವನ್ನು ಎಂದು ತಿಳಿದುಬಂತು. ನನಗೇನೋ ಈ ತಿದ್ದುಪಡಿ ಖುಷಿ ಕೊಟ್ಟಿದೆ. ಆ ವಸಂತದಲ್ಲಿ ಎಂಟು ಪ್ರದರ್ಶನಗಳಾದವು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮತ್ತೆ ಐವತ್ತೇಳು. ಒಂದು ವರ್ಷದಲ್ಲಿ ಅಷ್ಟೊಂದು ಬಾರಿ ಒಂದೇ ನಾಟಕವನ್ನು ಲಾ ಸ್ಕಾಲಾ ಆಗಿನ ತನಕ ಕಂಡಿರಲಿಲ್ಲ. ವೆರ್ದಿಗೆ ಇಪ್ಪತ್ತೆಂಟು ವಯಸ್ಸು.

ಇಲ್ಲಿಂದ ಮುಂದೆ ಏಕವಚನ ಬಿಡುತ್ತೇನೆ; ಊರೇ ಅವರನ್ನು ಗುರುಗಳೇ ಎಂದು ಕರೆಯತೊಡಗಿತ್ತು. ಅವರ ಕೀರ್ತಿಯ ವರ್ಷಗಳನ್ನು ವಿವರಿಸಲು ಈ ಪುಟ ಸಾಲದು. ಒಂದನ್ನು ಮಾತ್ರ ಹೇಳಬೇಕು. 1849ರ 'ಲುಯಿಜಾ ಮಿಲ್ಲರ್', 1851ರ 'ರಿಗೊಲೆತ್ತೊ', 1857ರ 'ಸಿಮೊನ್ ಬೊಕ್ಕನೆಗ್ರಾ', 1871ರ 'ಆಯಿದಾ' ಈ ನಾಟಕಗಳಲ್ಲೆಲ್ಲ ಒಬ್ಬ ತಂದೆ, ಒಬ್ಬ ಮಗಳು. ತಾಯಿ ಎಲ್ಲೂ ಕಾಣುವುದಿಲ್ಲ. ತಂದೆ ಮಗಳನ್ನು ಕಳೆದುಕೊಳ್ಳುತ್ತಾನೆ, ಇಲ್ಲವೇ ಕಳೆದುಹೋದವಳನ್ನು ಕಂಡುಕೊಳ್ಳುತ್ತಾನೆ. ವೆರ್ದಿಯವರ ಅತ್ಯುತ್ತಮ ಸಂಗೀತ ಬಹುಪಾಲು ಆ ಜಾಗಗಳಲ್ಲೇ ಇದೆ. ರಿಗೊಲೆತ್ತೊ ಮಗಳ ದೇಹವನ್ನು ತಬ್ಬಿಕೊಂಡು ಅಳುವುದನ್ನು ಬರೆಯುವಾಗ, ವರ್ಜೀನಿಯಾ ಬದುಕಿದ್ದರೆ ಅವಳಿಗೆ ಹದಿನಾಲ್ಕು ತುಂಬುವ ಹೊತ್ತು. ಅವರಿಗೆ ಮತ್ತೆ ಸ್ವಂತ ಮಕ್ಕಳು ಉಳಿಯಲಿಲ್ಲ.

'ನಬುಕ್ಕೊ'ವಿನಲ್ಲಿ ಮುಖ್ಯ ಸ್ತ್ರೀಪಾತ್ರ ವಹಿಸಿದ್ದ ಜುಸೆಪ್ಪಿನಾ ಸ್ತ್ರೆಪ್ಪೋನಿ ಮುಂದೆ ಅವರ ಬಾಳಸಂಗಾತಿಯಾದರು. 1847ರಿಂದ ಪ್ಯಾರಿಸ್ಸಿನಲ್ಲಿ, 1849ರಿಂದ ಬುಸ್ಸೆತೊದಲ್ಲಿ ಇಬ್ಬರೂ ವಿವಾಹವಾಗದೆ ಕೂಡಿ ಬಾಳಿದರು. ಇದನ್ನು ನಾನು ಒಪ್ಪಬೇಕಿಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ. ಊರಿನವರು ಆ ಹೆಣ್ಣಿಗೆ ಕೊಟ್ಟ ಹಿಂಸೆಯನ್ನೂ ಮುಚ್ಚಿಡಬಾರದು. ದೇವಾಲಯದಲ್ಲಿ ಆಕೆಯ ಪಕ್ಕ ಕೂರಲು ಜನ ಹಿಂಜರಿದರೆಂದು ಹೇಳುತ್ತಾರೆ. ಬಾರೆತ್ಸಿಯವರ ಮನಸ್ಸನ್ನು ಊಹಿಸಿಕೊಳ್ಳಿ: ತಮ್ಮ ಮಗಳ ಜಾಗಕ್ಕೆ ಬಂದವಳು! ಮೊದಲು ಅವರೂ ನೊಂದು ಕಾಗದ ಬರೆದರು, 1852ರಲ್ಲಿ ವೆರ್ದಿ ಖಾರವಾಗಿಯೇ ಉತ್ತರ ಕೊಟ್ಟರು. ಆದರೂ ನಂಟು ಹರಿಯಲಿಲ್ಲ. ಆ ಮುದುಕರ ಹೃದಯ ದೊಡ್ಡದು. ಕಾಲ ಕಳೆದಂತೆ ಜುಸೆಪ್ಪಿನಾಳನ್ನೂ ಮಗಳಂತೆ ಕಂಡರು. 1859ರ ಆಗಸ್ಟ್ 29ರಂದು ಸವೋಯ್ ಸೀಮೆಯ ಒಂದು ಹಳ್ಳಿಯ ದೇವಾಲಯದಲ್ಲಿ, ಮುಂದೆ ಕಾರ್ಡಿನಲ್ ಆದ ಮೆರ್ಮಿಯೊ ಅವರು ಈ ಇಬ್ಬರ ವಿವಾಹವನ್ನು ನಡೆಸಿಕೊಟ್ಟರು. ಸಾಕ್ಷಿಗಳು ಗಾಡಿ ಹೊಡೆಯುವವನು ಮತ್ತು ಘಂಟೆ ಬಾರಿಸುವವನು.

1867ರ ಜುಲೈ 21ರಂದು ಬಾರೆತ್ಸಿ ತೀರಿಕೊಂಡಾಗ ಇಬ್ಬರೂ ಹಾಸಿಗೆಯ ಪಕ್ಕದಲ್ಲಿದ್ದರು. ಮಾತು ನಿಂತಿದ್ದ ಮಾವನ ಕಣ್ಣು ಪಿಯಾನೋದ ಕಡೆ ಹೋಯಿತಂತೆ. ವೆರ್ದಿ ಎದ್ದು ಹೋಗಿ ಸೆರೆಯಾಳುಗಳ ಆ ಹಾಡನ್ನು ನುಡಿಸಿದರು ಎಂದು ಮನೆಯವರ ನೆನಪು. ಯಾರ ಮರಣದ ನಂತರ ಆ ಹಾಡು ಹುಟ್ಟಿತೋ ಅವಳ ತಂದೆಗೆ ಅದೇ ಹಾಡು.

ವೆರ್ದಿ ನಂಬಿಗಸ್ತ ಕಥೋಲಿಕರಾಗಿದ್ದರೇ? ನಾವು ಬಯಸುವಷ್ಟು ಇರಲಿಲ್ಲ. ಜುಸೆಪ್ಪಿನಾ ಭಕ್ತೆ, ಗಂಡನ ಸಂಶಯಗಳು ಆಕೆಗೆ ಕೊನೆಯವರೆಗೂ ಕೊರಗು. ಆದರೂ ಧರ್ಮಸಭೆಯ ಮೃತರ ಪೂಜೆಯ ಲತೀನ್ ಪಠ್ಯಕ್ಕೆ ಅಷ್ಟು ಭಯಭಕ್ತಿಯ ಸ್ವರ ಹಾಕಿದವರು ಕಡಿಮೆ. ಕಥೋಲಿಕ ವಿಶ್ವಾಸವನ್ನು ಕಾದಂಬರಿಯಲ್ಲಿ ತುಂಬಿದ ಅಲೆಸ್ಸಾಂದ್ರೊ ಮಂತ್ಸೋನಿಯವರನ್ನು ವೆರ್ದಿ ಸಂತರಂತೆ ಗೌರವಿಸುತ್ತಿದ್ದರು. 1873ರ ಮೇ 22ರಂದು ಮಂತ್ಸೋನಿ ನಿಧನರಾದಾಗ ಅಂತ್ಯಕ್ರಿಯೆಗೆ ಹೋಗಲಾರದೆ ಹೋದರು, ಆಮೇಲೆ ಒಬ್ಬರೇ ಸಮಾಧಿಗೆ ಹೋಗಿ ನಿಂತುಬಂದರು. ಸರಿಯಾಗಿ ವರ್ಷ ತುಂಬಿದ ದಿನ, ಮಿಲಾನಿನ ಸಂತ ಮಾರ್ಕರ ದೇವಾಲಯದಲ್ಲಿ ತಮ್ಮ 'ರೆಕ್ವಿಯೆಮ್' ಸಂಗೀತವನ್ನು ತಾವೇ ನಿಂತು ನಡೆಸಿದರು. ದೇವಾಲಯದಲ್ಲಿ ಸ್ತ್ರೀಯರು ಹಾಡಲು ಆಗ ವಿಶೇಷ ಅನುಮತಿ ಬೇಕಾಗಿತ್ತು, ಅದನ್ನೂ ಪಡೆದರು. ದೇವಾಲಯಕ್ಕಿಂತ ನಾಟಕಶಾಲೆಗೆ ಹೊಂದುವ ಸಂಗೀತವೆಂದು ಕೆಲವರು ಮೂಗು ಮುರಿದರು. ತೀರ್ಪಿನ ದಿನದ ಆ ನಗಾರಿ ಏಟುಗಳನ್ನು ಕೇಳಿದವರು ತಾವೇ ತೀರ್ಮಾನಿಸಲಿ. ನನಗೆ ಕೇಳಿಸುವುದು ಕೊನೆಯಲ್ಲಿ ಒಬ್ಬಳೇ ಹೆಣ್ಣು ಬಿಡುಗಡೆಗಾಗಿ ಬಹುತೇಕ ಮಾತಿನಂತೆ ಉಸುರುವ ಪ್ರಾರ್ಥನೆ. ನಂಬಿಕೆ ಗಟ್ಟಿಯಾಗಿರುವವರಷ್ಟೇ ಹಾಗೆ ಬೇಡಿಕೊಳ್ಳುತ್ತಾರೆಂದು ಹೇಳುವ ಧೈರ್ಯ ನನಗಿಲ್ಲ.

ಮುಪ್ಪಿನಲ್ಲಿ ಅವರು ಹಣವನ್ನು ಕಟ್ಟಿಟ್ಟುಕೊಳ್ಳಲಿಲ್ಲ. 1888ರಲ್ಲಿ ತಮ್ಮ ತೋಟದ ಹತ್ತಿರದ ವಿಲ್ಲನೋವಾದಲ್ಲಿ ರೈತರಿಗಾಗಿ ಆಸ್ಪತ್ರೆ ಕಟ್ಟಿಸಿದರು. ಮಿಲಾನಿನಲ್ಲಿ ಬಡ, ವೃದ್ಧ ಸಂಗೀತಗಾರರಿಗಾಗಿ ಒಂದು ವಿಶ್ರಾಂತಿಧಾಮ ಕಟ್ಟಿಸಿ, ತಮ್ಮ ಕೃತಿಗಳ ಗೌರವಧನವನ್ನು ಅದಕ್ಕೆ ಬರೆದಿಟ್ಟರು. 1899ರಲ್ಲಿ ಕಟ್ಟಡ ಮುಗಿದಿದ್ದರೂ ತಾವು ಸತ್ತ ಮೇಲೆಯೇ ತೆರೆಯಬೇಕೆಂದರು. ಒಳಗೆ ಬಂದವರು ಎದುರು ಬಂದು ಕೈಮುಗಿಯುವುದು ಅವರಿಗೆ ಬೇಡವಾಗಿತ್ತು. 1902ರ ಅಕ್ಟೋಬರ್ 10ರಂದು ಅದು ತೆರೆಯಿತು. ತಾವು ಮಾಡಿದ ಕೆಲಸಗಳಲ್ಲೆಲ್ಲ ಅದೇ ಉತ್ತಮವೆಂದು ಅವರು ಎಣಿಸಿದ್ದರು.

1897ರ ನವೆಂಬರ್‌ನಲ್ಲಿ ಜುಸೆಪ್ಪಿನಾ ಹೋದರು. 1901ರ ಜನವರಿ 21ರಂದು ಮಿಲಾನಿನ ಹೋಟೆಲಿನಲ್ಲಿ ವೆರ್ದಿಯವರಿಗೆ ಪಾರ್ಶ್ವವಾಯು ಬಡಿಯಿತು. ಗುರುಗಳು ಬಂದು ಅಂತ್ಯಾಭ್ಯಂಗ ನೀಡಿದರು. 27ರ ನಸುಕಿನಲ್ಲಿ ಪ್ರಾಣ ಹೋಯಿತು. ಅಂತ್ಯಕ್ರಿಯೆ ತೀರ ಸರಳವಾಗಿರಲಿ, ಬೆಳಗಿನ ಜಾವದಲ್ಲೋ ಸಂಜೆಯ ಮರಿಯ ಪ್ರಾರ್ಥನೆಯ ಹೊತ್ತಿನಲ್ಲೋ ಆಗಲಿ, ಹಾಡು ಬೇಡ, ವಾದ್ಯ ಬೇಡ ಎಂದು ಉಯಿಲಿನಲ್ಲಿ ಬರೆದಿದ್ದರು. ಹಾಗೆಯೇ ಆಯಿತು.

ಒಂದು ತಿಂಗಳ ನಂತರ ಅವರ ಮತ್ತು ಜುಸೆಪ್ಪಿನಾರ ಪೆಟ್ಟಿಗೆಗಳನ್ನು ಸ್ಮಶಾನದಿಂದ ವಿಶ್ರಾಂತಿಧಾಮದ ನೆಲಮಾಳಿಗೆಗೆ ತಂದರು. ಬೀದಿಯುದ್ದಕ್ಕೂ ಲಕ್ಷಾಂತರ ಜನ. ಈ ಬಾರಿ ಉಯಿಲು ಅಡ್ಡ ಬರಲಿಲ್ಲ. ಸ್ಮಶಾನದ ಬಾಗಿಲಲ್ಲಿ ನೂರಾರು ಗಾಯಕರು ಕಪ್ಪು ಬಟ್ಟೆ ತೊಟ್ಟು ನಿಂತಿದ್ದರು. ಮೂವತ್ಮೂರು ವರ್ಷದ ಅರ್ತೂರೊ ತೊಸ್ಕನೀನಿ ಕೈಯೆತ್ತಿದರು. ಕಿನ್ನರಿಯನ್ನು ಮರಕ್ಕೆ ತೂಗುಹಾಕಿದವರ ಆ ಹಾಡನ್ನು ಅವರು ಮೆಲುದನಿಯಲ್ಲಿ ಎತ್ತಿಕೊಂಡರು.